ಜೋಡು ಹೋಗಿ ಜೋಡಿಯಾದದ್ದು

ಇಪ್ಪತ್ತಾರು ವರ್ಷ ಒಂದೇ ಜಾಗದಲ್ಲಿ ಕುಳಿತು ಕೆಲಸ ಮಾಡಿದ ಮನುಷ್ಯನಿಗೆ, ಅವನ ಮುಖವನ್ನೇ ನೋಡಿಕೊಂಡು, "ನೀವು ಇಲ್ಲಿಲ್ಲ" ಎಂದು ಯಾರಾದರೂ ಹೇಳಿದರೆ ಹೇಗಾಗಬೇಡ? ಮೊಳೆಯಣ್ಣನಿಗೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಗೇ ಆಯಿತು.

ಮೊಳೆಯಣ್ಣನದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜೋಡು ರಿಪೇರಿ ಅಂಗಡಿ. ಬಲಕ್ಕೆ ಗಡಿಯಾರ ರಿಪೇರಿ, ಎಡಕ್ಕೆ ಇಸ್ತ್ರಿ ಅಂಗಡಿ, ನಡುವೆ ಆರಡಿ ಅಗಲದ ಇವನ ಗೂಡು. ಕಾಲಿಗೆ ಹಾಕುವುದು ಚಪ್ಪಲಿಯಾಗಲಿ, ಬೂಟಾಗಲಿ, ಎತ್ತರದ ಹಿಮ್ಮಡಿಯ ಸ್ಯಾಂಡಲ್ ಆಗಲಿ, ಅವನ ಬಾಯಲ್ಲಿ ಎಲ್ಲವೂ ಜೋಡು. ಬೋರ್ಡಿನ ಮೇಲೆಯೂ ಹಾಗೇ ಬರೆಸಿದ್ದ: 'ಹರಿದ ಜೋಡು, ಮುರಿದ ಜೋಡು ಸರಿಪಡಿಸಿ ಕೊಡಲಾಗುವುದು. ಅಡಿ ಬದಲಾಯಿಸಲಾಗುವುದು. ಇಪ್ಪತ್ತಾರು ವರ್ಷಗಳ ಅನುಭವ.' ವರ್ಷಕ್ಕೊಮ್ಮೆ ಸಣ್ಣ ಕುಂಚ ಹಿಡಿದು ಅನುಭವದ ಅಂಕಿಯನ್ನು ಮಾತ್ರ ತಿದ್ದುತ್ತಿದ್ದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೆಲಸ ಮಾಡುವಾಗ ಐದಾರು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದ. ಅದು ತಪ್ಪಲ್ಲ, ಆ ಕಸುಬಿನವರೆಲ್ಲ ಹಾಗೇ ಮಾಡುತ್ತಾರೆ. ಆದರೆ ಮೊಳೆ ಬಾಯಲ್ಲಿರುವಾಗಲೇ ಮಾತನಾಡುವುದು ಅವನ ಅಭ್ಯಾಸ. "ನಾಳೆ ಬನ್ನಿ" ಎಂದರೆ "ಆಳೆ ಅನ್ನಿ" ಎಂದು ಕೇಳಿಸುತ್ತಿತ್ತು. ಹಳೆಯ ಗಿರಾಕಿಗಳಿಗೆ ಅರ್ಥವಾಗುತ್ತಿತ್ತು, ಏಕೆಂದರೆ ಅವನು ಹೇಳುತ್ತಿದ್ದದ್ದು ಹೆಚ್ಚಾಗಿ ಅದೊಂದೇ ಮಾತು.

ಆ ಮಂಗಳವಾರ ಹೆಂಗಸೊಬ್ಬಳು ಕುಂಟುತ್ತ ಬಂದಳು. ಒಂದು ಕೈಯಲ್ಲಿ ಮುರಿದ ಹಿಮ್ಮಡಿ, ಇನ್ನೊಂದರಲ್ಲಿ ಫೋನು. ಅಂಗಡಿಯ ಎದುರಿಗೇ ನಿಂತು ಫೋನನ್ನು ನೋಡಿದಳು, ಸುತ್ತಲೂ ನೋಡಿದಳು, ಮತ್ತೆ ಫೋನನ್ನು ನೋಡಿದಳು.

"ಇಲ್ಲಿ ಎಲ್ಲಾದ್ರೂ ಚಪ್ಪಲಿ ರಿಪೇರಿ ಅಂಗಡಿ ಇದೆಯಾ?" ಎಂದು ಮೊಳೆಯಣ್ಣನನ್ನೇ ಕೇಳಿದಳು.

ಅವನು ಸುತ್ತಿಗೆಯನ್ನೆತ್ತಿ ತಲೆಯ ಮೇಲಿನ ಬೋರ್ಡನ್ನು ತೋರಿಸಿದ.

"ಇದರಲ್ಲಿ ನಿಮ್ಮ ಅಂಗಡಿ ಇಲ್ವಲ್ಲ!" ಆಕೆ ಫೋನನ್ನು ಅವನ ಮೂಗಿಗೆ ಹಿಡಿದಳು. "ನಾಲ್ಕು ಕಿಲೋಮೀಟರ್ ಆಚೆ ಒಂದು ಇದೆ ಅಂತ ತೋರಿಸ್ತಿದೆ."

"ಅಮ್ಮಾ, ನಾನು ಇಲ್ಲೇ ಇದ್ದೀನಲ್ಲ!"

"ಇದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಇದರಲ್ಲಿ ಇಲ್ಲ. ಅವರಿಗೆ ನಾಲ್ಕೂವರೆ ನಕ್ಷತ್ರ ಇದೆ. ನಿಮಗೆ ಎಷ್ಟಿದೆ?"

ಮೊಳೆಯಣ್ಣ ಇಷ್ಟು ವರ್ಷ ನಕ್ಷತ್ರಗಳು ಆಕಾಶದಲ್ಲಿರುತ್ತವೆ ಎಂದೇ ತಿಳಿದಿದ್ದ. ಅವನು ಉತ್ತರ ಹುಡುಕುವಷ್ಟರಲ್ಲಿ ಆಕೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಹಾಕುತ್ತ ಬಸ್ಸಿನ ಕಡೆ ಹೊರಟುಹೋಗಿದ್ದಳು. ಐದು ನಿಮಿಷದ ಕೆಲಸಕ್ಕೆ ನಾಲ್ಕು ಕಿಲೋಮೀಟರ್!

ಬೀದಿಯಲ್ಲಿ ಇದು ದೊಡ್ಡ ಚರ್ಚೆಯೇ ಆಯಿತು. ಗಡಿಯಾರದವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೊರಗೆ ಬಂದರು. ಅರವತ್ತು ದಾಟಿದ ಅವರಿಗೆ ಯಾವ ಹೊಸ ವಸ್ತುವಿನ ಮೇಲೂ ನಂಬಿಕೆಯಿಲ್ಲ. ಮುಳ್ಳಿಲ್ಲದ ಗಡಿಯಾರವನ್ನು ಅವರು ಅಂಗಡಿಯೊಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ.

"ಪಟ್ಟೀಲಿ ಹೆಸರು ಹಾಕಿಸೋಕೆ ದುಡ್ಡು ಕೊಡೋದಾ? ನಾಚಿಕೆಗೇಡು! ಕೆಲಸ ಗೊತ್ತಿರೋನನ್ನ ಜನ ಹುಡುಕಿಕೊಂಡು ಬರ್ತಾರೆ."

"ಈಗ ತಾನೇ ಒಬ್ಬರು ಹುಡುಕಿಕೊಂಡು ಬಂದು, ಸಿಕ್ಕಿದ ಮೇಲೂ ಸಿಗಲಿಲ್ಲ ಅಂತ ಹೋದ್ರಲ್ಲ!" ಎಂದಳು ಇಸ್ತ್ರಿಯಕ್ಕ, ಕೈಯಲ್ಲಿ ಯಾರದೋ ಅಂಗಿಯ ತೋಳು ಹಿಡಿದುಕೊಂಡೇ. "ಕಾಲ ಹಂಗಿದೆ ಅಣ್ಣಾ. ನಾವು ಕಣ್ಣಿಗೆ ಕಂಡರೆ ಸಾಲದು, ಫೋನಿಗೂ ಕಾಣಬೇಕು. ಹಾಕಿಸಿಬಿಡಿ."

ಮೊಳೆಯಣ್ಣನ ಹೆಂಡತಿಯ ತಮ್ಮನಿಗೆ ಮೊಬೈಲ್ ಅಂಗಡಿಯಲ್ಲಿ ಫೋನಿನ ಗಾಜಿಗೆ ಪೊರೆ ಅಂಟಿಸುವ ಕೆಲಸ. ಆ ಕಾರಣಕ್ಕೆ ಕುಟುಂಬದಲ್ಲಿ ಅವನೇ ವಿಜ್ಞಾನಿ. ಸಂಜೆ ಬಂದವನು, "ಭಾವ, ಬಿಟ್ಟಿಯಾಗಿ ಹಾಕಿಸೋದೂ ಉಂಟು. ಆದ್ರೆ ಅದರಲ್ಲಿ ನೀವು ಎಲ್ಲೋ ಕೆಳಗಡೆ ಬರ್ತೀರಿ. ದುಡ್ಡು ಕೊಟ್ರೆ ಎಲ್ಲರಿಗಿಂತ ಮೇಲೆ" ಎಂದ. 'ಎಲ್ಲರಿಗಿಂತ ಮೇಲೆ' ಎನ್ನುವ ಮಾತು ಮೊಳೆಯಣ್ಣನ ಕಿವಿಯಲ್ಲಿ ಕುಳಿತುಬಿಟ್ಟಿತು. ಜೀವಮಾನವೆಲ್ಲ ಜನರ ಕಾಲ ಬುಡದಲ್ಲಿ ಕುಳಿತವನಿಗೆ ಒಂದು ಸಲ ಎಲ್ಲರಿಗಿಂತ ಮೇಲೆ ಇರಬೇಕೆನಿಸಿದರೆ ಅದನ್ನು ದುರಾಸೆ ಎನ್ನಲಾಗದು. ಭಾವಮೈದ ಅಲ್ಲೇ ನಿಂತು ಯಾವುದೋ ಕಂಪನಿಗೆ ಅವನ ನಂಬರು ಕಳಿಸಿದ.

ಮರುದಿನವೇ ಕಂಪನಿಯಿಂದ ಫೋನು ಬಂತು. ಹೆಣ್ಣುಮಗಳ ದನಿ, ಜೇನಿನಲ್ಲಿ ಅದ್ದಿ ತೆಗೆದಂತಿತ್ತು.

"ನಮಸ್ಕಾರ ಸರ್! ನಿಮ್ಮ ಸೇವೆ ಯಾವುದು ಸರ್?"

ಆ ಹೊತ್ತಿಗೆ ಮೊಳೆಯಣ್ಣನ ಬಾಯಲ್ಲಿ ಏಳು ಮೊಳೆಗಳಿದ್ದವು. ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊನೆಯ 'ಉ'ಕಾರ ಹೊರಡಬೇಕಾದರೆ ತುಟಿ ಗುಂಡಗಾಗಬೇಕು. ಏಳು ಮೊಳೆ ಕಚ್ಚಿದ ತುಟಿ ಗುಂಡಗಾಗುವುದು ಹೇಗೆ? ಅವನು "ಜೋಡು" ಎಂದ. ಅತ್ತ ಕಡೆಗೆ ತಲುಪಿದ್ದು "ಜೋಡಿ."

"ಜೋಡಿನಾ ಸರ್?"

"ಹ್ಞಾಂ. ಹರಿದದ್ದು, ಮುರಿದದ್ದು, ಎಲ್ಲಾ ಸರಿ ಮಾಡಿ ಕೊಡ್ತೀನಿ."

"ಅಬ್ಬಾ, ಎಂಥ ಒಳ್ಳೆ ಕೆಲಸ ಸರ್! ಎಷ್ಟು ದಿನ ಬೇಕಾಗುತ್ತೆ?"

"ಒಂದೇ ದಿನ. ತೀರಾ ಹಳೇದಾದ್ರೆ ಎರಡು. ಒದ್ದೆಯಾಗಿದ್ರೆ ಮೊದಲು ಒಣಗಬೇಕು. ಒದ್ದೇಲಿ ಕೈ ಹಾಕಿದ್ರೆ ಇನ್ನೂ ಕೆಡುತ್ತೆ."

"ಕಣ್ಣೀರು ಒಣಗಬೇಕು ಅಂತೀರಾ..." ಆ ಹುಡುಗಿ ಟೈಪು ಮಾಡುವ ಸದ್ದು ಕೇಳಿಸಿತು. "ಬೇರೆ ಕಡೆ ಆಗಲ್ಲ ಅಂತ ಕೈಬಿಟ್ಟಿದ್ದನ್ನೂ ತಗೋತೀರಾ ಸರ್?"

"ತಂದುಕೊಡಲಿ ಹೇಳಿ. ಸುತ್ತಿಗೇಲಿ ನಾಲ್ಕು ಬಾರಿಸಿದ್ರೆ ತಾನಾಗೇ ದಾರಿಗೆ ಬರುತ್ತೆ."

"ತಮಾಷೆ ಮಾಡ್ತೀರಿ ಸರ್ ನೀವು!" ಎಂದು ನಕ್ಕು, ಅನುಭವ ಎಷ್ಟು ವರ್ಷವೆಂದು ಕೇಳಿ ಬರೆದುಕೊಂಡು, ಅವಳು ಬೆಳ್ಳಿ, ಚಿನ್ನ, ವಜ್ರ ಎಂಬ ಮೂರು ಯೋಜನೆಗಳನ್ನು ವಿವರಿಸಿದಳು. ಮೊಳೆಯಣ್ಣ ನಡುವಿನದಿರಲಿ ಎಂದು ಚಿನ್ನವನ್ನು ಆರಿಸಿ, ಭಾವಮೈದನ ಫೋನಿನಿಂದ ಒಂದು ವರ್ಷದ ಶುಲ್ಕ ಕಟ್ಟಿಸಿದ. ಮೂರೇ ದಿನದಲ್ಲಿ ಪಟ್ಟಿಯಲ್ಲಿ ಅಂಗಡಿ ಬಂತು. ಭಾವಮೈದ ಫೋನ್ ನಂಬರು ಸರಿಯಿದೆಯೇ ಎಂದು ನೋಡಿದ, ಇತ್ತು. ಉಳಿದದ್ದನ್ನು ಓದುವ ತಾಳ್ಮೆ ವಿಜ್ಞಾನಿಗಳಿಗೆ ಎಲ್ಲಿರುತ್ತದೆ?

ಶನಿವಾರ ಮೊದಲ ಕರೆ ಬಂತು. ಗಂಡಸಿನ ದನಿ, ಬಹಳ ಸಣ್ಣಗೆ.

"ಸರ್, ನಿಮ್ಮ ಹೆಸರು ಫೋನಲ್ಲಿ ಸಿಕ್ತು. ಬರಬಹುದಾ? ಇಬ್ಬರೂ ಬರಬೇಕಾ, ಒಬ್ಬನೇ ಬಂದ್ರೆ ಸಾಕಾ?"

"ಎಷ್ಟು ಜನ ಬಂದ್ರೂ ನನಗೇನು? ಜೋಡು ಮಾತ್ರ ಎರಡೂ ಬೇಕು. ಒಂದನ್ನೇ ಇಟ್ಕೊಂಡು ನಾನೇನು ಮಾಡ್ಲಿ? ಪಕ್ಕಪಕ್ಕ ಇಟ್ಟು ನೋಡಿದ್ರೇ ತಪ್ಪು ಎಲ್ಲಿದೆ ಅಂತ ಗೊತ್ತಾಗೋದು."

"ನಿಜ ಸರ್, ನಿಜ. ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ."

"ಎಷ್ಟು ವರ್ಷದ್ದು?"

"ಹದಿನೆಂಟು."

"ಹದಿನೆಂಟಾ!" ಮೊಳೆಯಣ್ಣ ನಿಜವಾಗಿ ಬೆರಗಾದ. "ಗಟ್ಟಿ ಮಾಲು ಸ್ವಾಮಿ! ಈಗಿನವು ಹದಿನೆಂಟು ತಿಂಗಳು ಬಾಳಲ್ಲ. ಏನಾಗಿದೆ? ನಡೆಯೋವಾಗ ಕಿರಿಕಿರಿ ಶಬ್ದ ಬರುತ್ತಾ?"

"ಮೊದಲು ಬರ್ತಿತ್ತು. ಈಗ ಮೂರು ತಿಂಗಳಿಂದ ಶಬ್ದಾನೇ ಇಲ್ಲ."

"ಹಾಗಾದ್ರೆ ಒಳಗಡೆ ಪೂರಾ ಬಿಟ್ಕೊಂಡಿದೆ. ಬಿಸಾಡಬೇಡಿ. ತನ್ನಿ."

ಆ ಕಡೆ ಮೂಗು ಸೆಳೆದ ಸದ್ದು ಕೇಳಿಸಿತು. ಹದಿನೆಂಟು ವರ್ಷದ ಬೂಟಿಗೆ ಅಳುವವರೂ ಇದ್ದಾರಲ್ಲ ಎಂದು ಮೊಳೆಯಣ್ಣನಿಗೆ ಕಸುಬಿನ ಮೇಲೆ ಹೆಮ್ಮೆಯಾಯಿತು.

ಒಂದು ಗಂಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ ಚಿತ್ರಕಲೆಯ ಮೇಷ್ಟ್ರು, ಅಂಗಿಯ ತೋಳಿನಲ್ಲಿ ನೀಲಿ ಬಣ್ಣ ಅಂಟಿತ್ತು. ಹೆಂಡತಿ ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಕುಳಿತರು. ಗೂಡಂಗಡಿ, ಚರ್ಮದ ವಾಸನೆ, ಗೋಡೆಗೆ ತೂಗುಹಾಕಿದ ಜೋಡಿನ ಅಡಿಗಳನ್ನೆಲ್ಲ ಒಮ್ಮೆ ನೋಡಿ, "ಆಡಂಬರ ಇಲ್ಲದ ಜಾಗ" ಎಂದು ಮೇಷ್ಟ್ರು ಮೆಚ್ಚಿದರು.

ಅವರ ಕೈಯಲ್ಲಿ ಚೀಲ ಕಾಣಲಿಲ್ಲ. ಹಾಗಾದರೆ ಹಾಕಿಕೊಂಡೇ ಬಂದಿರಬೇಕು ಎಂದುಕೊಂಡ ಮೊಳೆಯಣ್ಣ, "ಬಿಚ್ಚಿ" ಎಂದ.

"ನೋಡು, ಸರ್ ಹೇಳ್ತಿದ್ದಾರೆ," ಎಂದು ಮೇಷ್ಟ್ರು ಹೆಂಡತಿಯ ಕಡೆ ತಿರುಗದೆಯೇ ಹೇಳಿದರು. "ಮನಸ್ಸು ಬಿಚ್ಚಬೇಕಂತೆ."

"ನಾನು ಬಿಚ್ಚಬೇಕಾ? ಯಾರು ಮುಚ್ಚಿಕೊಂಡು ಕೂತಿರೋದು?" ಎಂದರು ಆ ಹೆಂಗಸು. ಅಷ್ಟೇ! ಹದಿನೆಂಟು ವರ್ಷದ ಕಟ್ಟೆ ಒಡೆಯಿತು. ಮದುವೆಯ ಮಾರನೆಯ ದಿನ ಅತ್ತೆ ಆಡಿದ ಮಾತಿನಿಂದ ಶುರುವಾಗಿ, ಬಣ್ಣದ ಕುಂಚಗಳನ್ನು ಅಡುಗೆಮನೆಯ ಲೋಟದಲ್ಲಿ ನೆನೆಹಾಕುವವರೆಗೂ ಬಂತು. ಮೊಳೆಯಣ್ಣ ಬಾಯಲ್ಲಿ ಮೊಳೆ ಹಿಡಿದುಕೊಂಡು ಕಣ್ಣರಳಿಸಿ ನೋಡಿದ. ಇವರು ಯಾಕೆ ತನ್ನ ಹತ್ತಿರ ಇದನ್ನೆಲ್ಲ ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲವೆಂದು ಸುಮ್ಮನಿದ್ದ. ಸುಮ್ಮನಿರಲಾಗದ ಕೈ ಮಾತ್ರ ಅವರು ಮಾತಿನ ಬಿಸಿಯಲ್ಲಿ ಕಾಲಿನಿಂದ ಕಳಚಿಬಿಟ್ಟಿದ್ದ ಜೋಡುಗಳನ್ನೆತ್ತಿ ತಿರುಗಿಸಿ ನೋಡಿತು.

ಒಂದು ಗಂಟೆಯಾದ ಮೇಲೆ ಇಬ್ಬರೂ ದಣಿದು ನಿಂತರು. "ನೀವೇ ಹೇಳಿ ಸರ್, ತಪ್ಪು ಯಾರದ್ದು?" ಎಂದರು ಮೇಷ್ಟ್ರು.

ಮೊಳೆಯಣ್ಣ ತನಗೆ ಗೊತ್ತಿದ್ದದ್ದನ್ನು ಹೇಳಿದ. "ಅಮ್ಮ, ನಿಮ್ಮದು ಮುಂದಿನ ತುದಿ ಸವೆದಿದೆ. ಸರ್, ನಿಮ್ಮದು ಹಿಂದಿನ ಹಿಮ್ಮಡಿ ಸವೆದಿದೆ. ಇವರು ಓಡ್ತಾ ಇದ್ದಾರೆ, ನೀವು ಎಳೀತಾ ಇದ್ದೀರಿ."

ಹೆಂಗಸಿನ ಕಣ್ಣು ತುಂಬಿತು. "ಹದಿನೆಂಟು ವರ್ಷ! ನಾನು ಓಡ್ತಾನೇ ಇದ್ದೀನಿ." ಮೇಷ್ಟ್ರು ಹೆಂಡತಿಯ ಜೋಡನ್ನು ಕೈಗೆ ತೆಗೆದುಕೊಂಡು, ತುದಿಯನ್ನು ಬೆರಳಿನಿಂದ ಸವರಿ, "ನಾನು ಇದನ್ನ ನೋಡೇ ಇರಲಿಲ್ಲ" ಎಂದರು. ಬರುವಾಗ ಬೆಂಚಿನ ಎರಡು ತುದಿಯಲ್ಲಿದ್ದವರು ಹೋಗುವಾಗ ಒಂದೇ ಕೊಡೆಯ ನೆರಳಿನಲ್ಲಿ ಹೋದರು. ಜೋಡಿಗೆ ಹೊಸ ಅಡಿ ಹಾಕಿಸಬೇಕೆನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಆ ಸಂಜೆ ಪಟ್ಟಿಯಲ್ಲಿ ಐದು ನಕ್ಷತ್ರಗಳು ಬಿದ್ದವು. ಕೆಳಗೆ ಬರಹ: 'ಮಹಾನುಭಾವರು. ಪಾದ ನೋಡಿ ಬದುಕು ಹೇಳುತ್ತಾರೆ.'

ಮುಂದಿನ ವಾರದಿಂದ ಅಂಗಡಿಯ ಮುಂದೆ ಸಾಲು ಶುರುವಾಯಿತು. ಮದುವೆಯಾಗಿ ಆರು ತಿಂಗಳಾದವರು, ನಲವತ್ತು ವರ್ಷವಾದವರು, ಮದುವೆಯಾಗಲೋ ಬೇಡವೋ ಎಂದು ಕೇಳುವವರು, ಎಲ್ಲರೂ ಜೋಡು ಬಿಟ್ಟು ಕೈಕಟ್ಟಿ ಕುಳಿತರು. ಇಸ್ತ್ರಿಯಕ್ಕ ಬಟ್ಟೆಗೆ ಸಿಕ್ಕಿಸುವ ನಂಬರು ಚೀಟಿಗಳನ್ನೇ ಹಂಚಿ ಸಾಲನ್ನು ಹದ್ದುಬಸ್ತಿನಲ್ಲಿಟ್ಟಳು. ಕಾಯುತ್ತಿದ್ದವರು ಸುಮ್ಮನೆ ಕೂರುವ ಬದಲು ಅಂಗಿ ಕೊಟ್ಟು ಇಸ್ತ್ರಿ ಮಾಡಿಸಿಕೊಂಡರು. ನಿಜವಾಗಿ ಚಪ್ಪಲಿ ಕಿತ್ತುಹೋದ ಅಂಚೆಯ ಹೆಣ್ಣುಮಗಳು ಮಾತ್ರ ಸಾಲಿನ ಕೊನೆಯಲ್ಲಿ ಬರಿಗಾಲಲ್ಲಿ ಮುಕ್ಕಾಲು ಗಂಟೆ ನಿಂತು, "ಅಣ್ಣಾ, ನನಗೆ ಜಗಳ ಏನೂ ಇಲ್ಲ, ಬರೀ ಒಂದು ಹೊಲಿಗೆ!" ಎಂದು ಕೂಗಿ, ಯಾರೂ ದಾರಿ ಬಿಡದೆ ಹೋದುದರಿಂದ ವಾಪಸು ಹೋದಳು. ಹತ್ತು ವರ್ಷದ ಗಿರಾಕಿ. ಹೀಗೇ ಒಬ್ಬೊಬ್ಬರಾಗಿ ಹಳೆಯ ಗಿರಾಕಿಗಳು ಕಳಚಿಕೊಳ್ಳತೊಡಗಿದರು. ಬಂದವರು ಹೊಗಳಿ ಹೋಗುತ್ತಿದ್ದರೇ ಹೊರತು ಒಂದು ಮೊಳೆಯ ಕೆಲಸವನ್ನೂ ಕೊಡುತ್ತಿರಲಿಲ್ಲ. ಮೊಳೆಯಣ್ಣನಿಗೆ ಎದೆಯಲ್ಲಿ ಗಾಬರಿ ಹುಟ್ಟಿತು.

ಕೊನೆಗೆ ಭಾವಮೈದನನ್ನು ಕರೆಸಿ, "ಅದರಲ್ಲಿ ಏನು ಬರೆದಿದ್ದಾರೆ ಓದು" ಎಂದ.

ಭಾವಮೈದ ಓದಿದ: "ದಾಂಪತ್ಯ ಸಲಹೆಗಾರರು. ಹರಿದ ಜೋಡಿ, ಮುರಿದ ಜೋಡಿಗಳನ್ನು ಒಂದೇ ದಿನದಲ್ಲಿ ಸರಿಪಡಿಸಿ ಕೊಡಲಾಗುವುದು. ಕಣ್ಣೀರು ಒಣಗಿದ ನಂತರವೇ ಚಿಕಿತ್ಸೆ. ಇಪ್ಪತ್ತಾರು ವರ್ಷಗಳ ಅನುಭವ." ಓದಿ ಮುಗಿಸಿ, ಅಲ್ಲೇ ನೆಲದ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊಳೆಯಣ್ಣ ನಗಲಿಲ್ಲ. ಹೊರಗೆ ಬಂದು ಸಾಲಿನ ಮುಂದೆ ನಿಂತು ಕೈಮುಗಿದ. "ದಯವಿಟ್ಟು ಕೇಳಿ. ನಾನು ಸಲಹೆಗಾರ ಅಲ್ಲ. ಕಾಲಿನ ಜೋಡು ರಿಪೇರಿ ಮಾಡೋನು, ಅಷ್ಟೇ."

"ಎಂಥ ವಿನಯ!" ಎಂದಿತು ಸಾಲಿನ ಒಂದು ದನಿ. ಕನ್ನಡಕದ ಯುವಕನೊಬ್ಬ ಇದನ್ನು ಪುಸ್ತಕದಲ್ಲಿ ಬರೆದುಕೊಂಡು, "ಇದರ ಒಳಾರ್ಥ ಏನು ಸರ್?" ಎಂದು ಕೇಳಿದ.

ಕಂಪನಿಗೆ ಫೋನು ಮಾಡಿದರೆ ಅದೇ ಜೇನಿನ ದನಿ. ಈ ಸಲ ಬಾಯಲ್ಲಿ ಒಂದು ಮೊಳೆಯೂ ಇಲ್ಲದಂತೆ ನೋಡಿಕೊಂಡು ಮೊಳೆಯಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ.

"ಸರ್, ವಿಭಾಗ ಬದಲಾಯಿಸೋದು ಚಿನ್ನದ ಯೋಜನೇಲಿ ಬರಲ್ಲ. ವಜ್ರಕ್ಕೆ ಹೋಗಬೇಕಾಗುತ್ತೆ."

"ತಪ್ಪು ಮಾಡಿದ್ದು ನೀವಲ್ವೇನಮ್ಮ?"

"ಹೌದು ಸರ್. ತಪ್ಪು ಮಾಡೋದು ಎಲ್ಲಾ ಯೋಜನೇಲೂ ಇದೆ. ತಿದ್ದೋದು ವಜ್ರದಲ್ಲಿ ಮಾತ್ರ." ಅವಳು ದನಿ ತಗ್ಗಿಸಿದಳು. "ಸರ್, ಒಂದು ಮಾತು ಕೇಳಲಾ? ನಾನು ಮದುವೆ ಆಗೋ ಹುಡುಗ ಫೋನ್ ಮಾಡಿದ್ರೆ ಬರೀ ಕ್ರಿಕೆಟ್ ಮಾತಾಡ್ತಾನೆ. ಅವನ ಬೂಟು ತಗೊಂಡು ಬರಲಾ?"

ಮೊಳೆಯಣ್ಣ ಫೋನಿಟ್ಟ.

ಈ ನಡುವೆ ಬಲಪಕ್ಕದಲ್ಲಿ ಬೇರೆಯೇ ಬೇಗೆ ಹೆಚ್ಚುತ್ತಿತ್ತು. ಗಂಡಹೆಂಡಿರ ಅಳು, ಜಗಳ, ಮರುಮಿಲನದ ಬಿಕ್ಕುಗಳ ನಡುವೆ ಗಡಿಯಾರದವರಿಗೆ ತಮ್ಮ ಗಡಿಯಾರಗಳ ಟಿಕ್ ಟಿಕ್ ಕೇಳಿಸದೆ, ಓಡುವುದು ಯಾವುದು, ನಿಂತದ್ದು ಯಾವುದು ತಿಳಿಯದಾಯಿತು. ಅವರು ವ್ಯಾಪಾರ ಪರವಾನಗಿಯ ಕಚೇರಿಗೆ ಎರಡು ಪುಟದ ದೂರು ಬರೆದರು.

ಗುರುವಾರ ಬೆಳಿಗ್ಗೆ ಪರಿಶೀಲನೆಯ ಅಧಿಕಾರಿ ಬಂದರು. ಕಂಕುಳಲ್ಲಿ ಕಡತ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು.

"ನಿಮ್ಮ ಪರವಾನಗಿ ಪಾದದ್ದು. ನೀವು ಮಾಡ್ತಿರೋದು ಮನಸ್ಸಿನದ್ದು. ಎರಡಕ್ಕೂ ಬೇರೆ ಬೇರೆ ಅರ್ಜಿ ಇದೆ, ಗೊತ್ತೇನ್ರೀ?"

"ಸ್ವಾಮಿ, ನಾನು ಮನಸ್ಸಿನ ತಂಟೆಗೇ ಹೋಗಿಲ್ಲ."

"ಅದನ್ನ ನಾನು ಕಣ್ಣಾರೆ ನೋಡಿ ಬರೀಬೇಕು. ಸಲಹೆ ಕೊಟ್ಟಿದ್ದು ಕಂಡರೆ ಅಂಗಡಿಗೆ ಬೀಗ. ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ. ನಾನು ಇಲ್ಲಿಲ್ಲ ಅಂತ ತಿಳ್ಕೊಳ್ಳಿ." ಎಂದು ಅವರು ಮೂಲೆಯ ಸ್ಟೂಲಿನ ಮೇಲೆ ಕುಳಿತು, ಕೆಂಪು ಪೆನ್ನನ್ನು ತೆರೆದರು.

ಆಗ ಇಸ್ತ್ರಿಯಕ್ಕ ಹೊರಗಿನಿಂದ ಕೂಗಿದಳು: "ಹದಿನಾಲ್ಕನೇ ನಂಬರು!" ಆಮೇಲೆ, ಯಾಕೋ, ತಾನೇ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಚೀಟಿ ಹಿಡಿದು ಒಳಗೆ ಬಂದವಳು ಮೊಳೆಯಣ್ಣನ ಹೆಂಡತಿ.

ಅವಳು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವಳು. ಗ್ರಂಥಪಾಲಕಿ ಹಿಂದಿನ ದಿನ ಅವಳನ್ನು ಕಪಾಟಿನ ಹಿಂದಕ್ಕೆ ಕರೆದು, "ನಿಮ್ಮ ಯಜಮಾನರ ಹತ್ತಿರ ನಮಗೊಂದು ಸಮಯ ಕೊಡಿಸಿ, ಗಂಟೆಗಟ್ಟಲೆ ಕೂತು ಕೇಳ್ತಾರಂತೆ" ಎಂದಿದ್ದರು. ಅವಳು ನಕ್ಕಿರಲಿಲ್ಲ, ಸಿಟ್ಟು ಮಾಡಿಕೊಂಡಿರಲಿಲ್ಲ. ಅರ್ಧ ದಿನ ರಜೆ ಹಾಕಿ, ಒಂಬತ್ತು ಗಂಟೆಗೇ ಬಂದು ಸಾಲಿನಲ್ಲಿ ನಿಂತಿದ್ದಳು.

"ನೀ... ನೀನ್ಯಾಕೆ ಇಲ್ಲಿ?"

"ಸಲಹೆಗೆ ಬಂದಿದ್ದೀನಿ." ಅವಳು ಬೆಂಚಿನ ಮೇಲೆ ಕುಳಿತು ಜೋಡು ಬಿಟ್ಟಳು. "ಬೇರೆಯವರಿಗೆ ಒಂದೊಂದು ಗಂಟೆ ಕೊಡ್ತೀರಂತೆ. ನನಗೆ ಹತ್ತು ನಿಮಿಷ ಸಾಕು."

ಬಾಗಿಲ ಬಳಿ ಸಾಲು ಒತ್ತರಿಸಿ ಬಂತು. ಅಧಿಕಾರಿಯ ಪೆನ್ನು ಕಾಗದದ ಮೇಲೆ ಕುಳಿತಿತು.

"ನನಗೊಬ್ಬರು ಗಂಡ ಇದ್ದಾರೆ," ಎಂದು ಅವಳು ಶುರುಮಾಡಿದಳು. "ಒಳ್ಳೆಯವರೇ. ಕುಡಿಯಲ್ಲ, ಬೈಯಲ್ಲ. ಮಾತೂ ಆಡಲ್ಲ. ನಿನ್ನೆ ಮನೇಲಿ ಹನ್ನೊಂದು ಮಾತಾಡಿದ್ರು, ನಾನು ಎಣಿಸಿದೆ. ಅದರಲ್ಲಿ ಆರು 'ಹ್ಞೂಂ.' ಮೊದಲು ಬಾಯಲ್ಲಿ ಏನೋ ಇದೆ, ಅದಕ್ಕೆ ಮಾತಿಲ್ಲ ಅಂದ್ಕೊಂಡಿದ್ದೆ. ಬಾಯಿ ಖಾಲಿ ಇದ್ದಾಗಲೂ ಅಷ್ಟೇ."

"ಅಯ್ಯೋ ಪಾಪ!" ಎಂದರು ಸಾಲಿನಲ್ಲಿದ್ದ ಹೆಂಗಸೊಬ್ಬರು. "ಎಂಥ ಗಂಡಸೋ!"

"ಸರ್ ಈಗ ಪಾದ ನೋಡ್ತಾರೆ, ಸುಮ್ನಿರಿ," ಎಂದ ಕನ್ನಡಕದ ಯುವಕ.

ಮೊಳೆಯಣ್ಣನಿಗೆ ತಲೆಯೆತ್ತುವ ಧೈರ್ಯವಿರಲಿಲ್ಲ. ಆದ್ದರಿಂದ ನಿಜವಾಗಿಯೂ ಹೆಂಡತಿಯ ಜೋಡನ್ನು ಕೈಗೆತ್ತಿಕೊಂಡ. ತಿರುಗಿಸಿದ. ಬೆಳಕಿಗೆ ಹಿಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಈ ಹೊಲಿಗೆ ನನ್ನದಲ್ಲ!"

ಬಾಗಿಲ ಬಳಿಯವರು ಕತ್ತು ಚಾಚಿದರು.

"ಅಲ್ಲ," ಎಂದಳು ಹೆಂಡತಿ.

"ಯಾರದು ಇದು?"

"ಬೇರೆಯವರದ್ದು."

"ಎಷ್ಟು ದಿನದಿಂದ?"

"ಎಂಟು ತಿಂಗಳಾಯ್ತು. ಒಂದು ಸಲ ಅಲ್ಲ, ಮೂರು ಸಲ ಹೋಗಿದ್ದೀನಿ."

ಸಾಲಿನಲ್ಲಿ ಯಾರೋ "ಹಾ!" ಎಂದು ಉಸಿರೆಳೆದರು. ಈ ಹೆಂಗಸು ಸಲಹೆಗಾರರ ಹೆಂಡತಿಯೇ ಎಂದು ಆಗ ಎಲ್ಲರಿಗೂ ಹೊಳೆಯಿತು. ಭೂತಗನ್ನಡಿ ಸಮೇತ ಗಡಿಯಾರದವರ ಮುಖವೂ ಬಾಗಿಲಲ್ಲಿ ಕಾಣಿಸಿಕೊಂಡಿತು.

"ಮೊದಲು ನಿಮಗೇ ಕೊಟ್ಟಿದ್ದೆ," ಎಂದಳು ಅವಳು. ಈಗ ಅವಳ ದನಿಯಲ್ಲಿ ಆಟ ಇರಲಿಲ್ಲ. "ನಾಳೆ ಅಂದ್ರಿ. ನಾಳೆ ಕೇಳಿದ್ರೆ ನಾಳೆ ಅಂದ್ರಿ. ಹನ್ನೆರಡು ದಿನ ಪಿನ್ನು ಚುಚ್ಚಿಕೊಂಡು ನಡೆದೆ. ಆಮೇಲೆ ನಮ್ಮಕ್ಕ, 'ನಮ್ಮ ಬೀದೀಲಿ ಒಬ್ಬರಿದ್ದಾರೆ, ಹೋಗು' ಅಂದ್ಲು. ಅವರ ಅಂಗಡಿ ಯಾವ ಫೋನಲ್ಲೂ ಇಲ್ಲ. ಬೋರ್ಡೂ ಇಲ್ಲ. ಹೇಳಿದ ಹೊತ್ತಿಗೆ ಕೊಟ್ರು. ಕೊಡುವಾಗ 'ಎಲ್ಲಾದ್ರೂ ಒತ್ತುತ್ತಾ ನೋಡಮ್ಮ' ಅಂತ ಕೇಳಿದ್ರು. ಅಷ್ಟಕ್ಕೆ ನನಗೆ ಅಳು ಬಂತು ನೋಡಿ."

ಎಲ್ಲರೂ ಮಹಾನುಭಾವರ ಮುಖ ನೋಡಿದರು, ಈಗೊಂದು ಮಾತು ಬರುತ್ತದೆ, ಬರೆದುಕೊಳ್ಳಬೇಕು ಎಂದು. ಮೊಳೆಯಣ್ಣ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. ಅದರಲ್ಲಿ ತಪ್ಪು ಹುಡುಕಲು ನೋಡಿದ. ಸಿಗಲಿಲ್ಲ.

"ಚೆನ್ನಾಗಿ ಹಾಕಿದ್ದಾನೆ," ಎಂದ ಕೊನೆಗೆ. "ಕೆಲಸ ಬಲ್ಲವನು." ಮತ್ತೆ ತಲೆಯೆತ್ತಿ, "ನನ್ನದು ತಪ್ಪು. ಮನೇದು ತಾನೇ, ಎಲ್ಲಿ ಹೋಗುತ್ತೆ ಅಂತ ಹಿಂದಕ್ಕೆ ಹಾಕ್ದೆ. ಬಲಗಾಲಿಂದು ಒಳಗಡೆ ಒತ್ತುತ್ತಿರಬೇಕಲ್ಲ?"

"ಸ್ವಲ್ಪ," ಎಂದಳು ಅವಳು. "ಕಿರುಬೆರಳ ಹತ್ತಿರ."

"ಕೊಡು. ಇಲ್ಲೇ ಕೂತಿರು, ಈಗಲೇ ಮಾಡ್ತೀನಿ. ಮಾಡ್ತಾ ಮಾಡ್ತಾ... ಗ್ರಂಥಾಲಯದಲ್ಲಿ ಏನು ವಿಶೇಷ, ಹೇಳು."

ಅವಳು ಹೇಳಿದಳು. ಗೆದ್ದಲು ಹಿಡಿದ ನಿಘಂಟಿನ ಕಥೆ, ಪುಸ್ತಕದೊಳಗೆ ದೋಸೆಯಷ್ಟು ದೊಡ್ಡ ಎಲೆ ಒಣಗಿಸಿಟ್ಟವರ ಕಥೆ. ಅವನು ಬಾಯಲ್ಲಿ ಮೊಳೆಯಿಲ್ಲದೆ ಕೆಲಸ ಮಾಡಿದ, ಎರಡು ಸಲ ಬೆರಳು ಜಜ್ಜಿಕೊಂಡ, ನಾಲ್ಕು ಸಲ "ಆಮೇಲೆ?" ಎಂದ. ಮುಕ್ಕಾಲು ಗಂಟೆ ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ.

ಅಧಿಕಾರಿ ಎದ್ದು, ಕೆಂಪು ಪೆನ್ನನ್ನು ಮುಚ್ಚಿ ನೀಲಿಯದನ್ನು ತೆಗೆದು, ವರದಿ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು: "ಸ್ಥಳದಲ್ಲಿ ಮಾಲೀಕರು ಸಲಹೆ ಕೊಡುವುದು ಕಂಡುಬಂದಿಲ್ಲ. ತೆಗೆದುಕೊಳ್ಳುವುದು ಕಂಡುಬಂದಿದೆ. ಅದಕ್ಕೆ ಪರವಾನಗಿಯ ಅಗತ್ಯವಿಲ್ಲ." ಹೊರಟವರು ಬಾಗಿಲಿನಿಂದ ವಾಪಸು ಬಂದು ತಮ್ಮ ಬೂಟನ್ನೂ ಬಿಚ್ಚಿಟ್ಟು, "ಎಡಗಡೇದು ಬಾಯಿ ಬಿಟ್ಟಿದೆ. ಎಷ್ಟು ಹೊತ್ತಿಗೆ ಬರಲಿ?" ಎಂದರು.

ಮೊಳೆಯಣ್ಣನ ನಾಲಿಗೆಯ ತುದಿಗೆ 'ನಾಳೆ' ಬಂದಿತ್ತು. ಹೆಂಡತಿಯ ಕಡೆ ನೋಡಿ, "ನಾಲ್ಕು ಗಂಟೆಗೆ" ಎಂದ.

ಆ ದಿನದಿಂದ ಸಾಲು ಕರಗಿತು. ಸ್ವಂತ ಹೆಂಡತಿಯೇ ಬೇರೆ ಕಡೆ ಹೊಲಿಸಿಕೊಂಡ ಸಲಹೆಗಾರನಿಗೆ ಒಂದೇ ನಕ್ಷತ್ರ ಸಾಕೆಂದು ಕನ್ನಡಕದ ಯುವಕ ಬರೆದ. ಭಾವಮೈದ ಬಿಟ್ಟಿಯಾಗಿ ಸಿಗುವ ಪಟ್ಟಿಯೊಂದರಲ್ಲಿ 'ಚಪ್ಪಲಿ ಮತ್ತು ಬೂಟು ರಿಪೇರಿ' ಎಂದು ಸಾಫಾಗಿ ಬರೆದು, ಬೀದಿಯ ಗುರುತು ಹಾಕಿ, ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಓದಿದ. ಮೊಳೆಯಣ್ಣ ತಾನೇ ಅಂಚೆ ಕಚೇರಿಗೆ ಹೋಗಿ, ಆ ಹೆಣ್ಣುಮಗಳ ಚಪ್ಪಲಿ ಕೇಳಿ ಪಡೆದು, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹೊಲಿದುಕೊಟ್ಟ. ಹಳಬರು ಒಬ್ಬೊಬ್ಬರಾಗಿ ಬಂದರು. ಮಧ್ಯಾಹ್ನದ ಹೊತ್ತು ಹೆಂಡತಿ ಗ್ರಂಥಾಲಯದಿಂದ ಬಂದು ಅಂಗಡಿಯಲ್ಲೇ ಊಟದ ಡಬ್ಬಿ ಬಿಚ್ಚುವುದು ರೂಢಿಯಾಯಿತು. ಗಡಿಯಾರದವರಿಗೆ ಮತ್ತೆ ಟಿಕ್ ಟಿಕ್ ಕೇಳಿಸಿತು.

ವರ್ಷ ತುಂಬುವ ವಾರ, ಇಬ್ಬರೂ ಊಟಕ್ಕೆ ಕುಳಿತಿದ್ದಾಗ ಕಂಪನಿಯ ಫೋನು ಬಂತು.

"ಸರ್, ನಿಮ್ಮ ಚಿನ್ನದ ಯೋಜನೆ ಮುಗೀತಾ ಬಂತು. ಈ ಸಲ ವಜ್ರಕ್ಕೆ ಹೋಗೋಣ ಸರ್?"

ಮೊಳೆಯಣ್ಣನಿಗೆ ಹೆಣ್ಣುಮಕ್ಕಳಿಗೆ ಬೇಡ ಎನ್ನುವುದು ಕಷ್ಟ. ಫೋನನ್ನು ಹೆಂಡತಿಗೆ ದಾಟಿಸಿದ.

"ಏನಮ್ಮ, ಚೆನ್ನಾಗಿದ್ದೀಯಾ? ಮದುವೆ ಆಯ್ತಾ?" ಎಂದಳು ಅವಳು.

"ಆಯ್ತು ಮೇಡಂ. ಈಗ ನಾನೂ ಕ್ರಿಕೆಟ್ ನೋಡ್ತೀನಿ. ಮೇಡಂ, ಪಟ್ಟೀಲಿ ಮೇಲೆ ಇಲ್ಲದಿದ್ರೆ ಗಿರಾಕಿಗಳಿಗೆ ನೀವು ಸಿಗೋದೇ ಇಲ್ಲ. ಅದಕ್ಕೇ ಹೇಳ್ತಿರೋದು."

"ಹೌದಾ? ಒಂದು ಮಾತು ಕೇಳ್ತೀನಿ. ನಿನ್ನ ಚಪ್ಪಲಿ ಕಿತ್ತುಹೋದ್ರೆ ಎಲ್ಲಿ ಹೊಲಿಸ್ತೀಯಾ?"

"ನಮ್ಮ ಆಫೀಸಿನ ಕೆಳಗಡೆ ಒಬ್ಬರು ಅಜ್ಜ ಇದ್ದಾರೆ ಮೇಡಂ. ತುಂಬಾ ಚೆನ್ನಾಗಿ ಮಾಡ್ತಾರೆ."

"ಅವರು ನಿಮ್ಮ ಪಟ್ಟೀಲಿ ಇದ್ದಾರಾ?"

ಆ ಕಡೆ ಟೈಪು ಮಾಡಿ ಹುಡುಕುವ ಸದ್ದು ಕೇಳಿಸಿತು.

"ಇಲ್ಲ ಮೇಡಂ."

"ಮತ್ತೆ ನಿನಗೆ ಹೇಗೆ ಸಿಕ್ಕಿದ್ರು?"

"ಅವರು... ಯಾವಾಗಲೂ ಅಲ್ಲೇ ಕೂತಿರ್ತಾರಲ್ಲ ಮೇಡಂ," ಎಂದಳು ಆ ಹುಡುಗಿ. ಆಮೇಲೆ ವಜ್ರದ ಮಾತನ್ನೇ ಎತ್ತದೆ ಫೋನಿಟ್ಟಳು.

ಹೆಂಡತಿ ಫೋನನ್ನು ಬಟ್ಟೆಗೆ ಒರೆಸಿ ಗಂಡನ ಕೈಗೆ ಕೊಟ್ಟು, ಡಬ್ಬಿಯ ಮುಚ್ಚಳ ತೆಗೆದಳು.

"ಏನಂತೆ?" ಎಂದ ಮೊಳೆಯಣ್ಣ.

"ಏನಿಲ್ಲ. ಬೇಡ ಅಂತ ಅವಳೇ ಹೇಳಿದ್ಲು. ಊಟ ಮಾಡಿ."